ಬಾಗಿಲಲ್ಲಿ ಕೇಳುವ ಪ್ರಶ್ನೆ

ಮಾನ್ಯ ಅಧ್ಯಕ್ಷರೇ, ಲಿಫ್ಟು ಕೆಟ್ಟಿದ್ದರೂ ಮೆಟ್ಟಿಲು ಹತ್ತಿ ಬಂದ ಮುಖ್ಯ ಅತಿಥಿಗಳೇ, ಆಡಳಿತ ಮಂಡಳಿಯ ಸದಸ್ಯರೇ, ನನ್ನ ವೈದ್ಯ ಮಿತ್ರರೇ, ದಾದಿಯರೇ, ಪ್ರಯೋಗಾಲಯದವರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ವೈದ್ಯ ಸಹಾಯಕರೇ, ಮತ್ತು ಈ ಭಾಷಣ ಬೇಗ ಮುಗಿದರೆ ಸಾಕೆಂದು ಚಹಾದ ಮೇಜಿನ ಕಡೆಗೇ ಕಣ್ಣಿಟ್ಟು ಕುಳಿತಿರುವ ಎಲ್ಲ ಸಭಿಕರೇ,

ಆಸ್ಪತ್ರೆಯ ವಾರ್ಷಿಕೋತ್ಸವದ ಈ ದಿನ ದೀರ್ಘಕಾಲದ ಸೇವೆಗೆಂದು ನನ್ನನ್ನು ಗೌರವಿಸಿದ್ದೀರಿ. ನೆನಪಿನ ಕಾಣಿಕೆಯಾಗಿ ಈ ಗೋಡೆ ಗಡಿಯಾರವನ್ನು ಕೊಟ್ಟಿದ್ದೀರಿ. ಬಹಳ ಚೆನ್ನಾಗಿದೆ. ಆದರೆ ಇದಕ್ಕೆ ಸೆಲ್ ಹಾಕಿಲ್ಲ, ಮುಳ್ಳು ನಿಂತಲ್ಲೇ ನಿಂತಿದೆ. ಮಾತನಾಡಲು ಹತ್ತು ನಿಮಿಷ ಎಂದು ಕಾರ್ಯದರ್ಶಿಗಳು ನನಗೆ ಹೇಳಿದ್ದಾರೆ. ಈ ಗಡಿಯಾರದ ಪ್ರಕಾರ ನನ್ನ ಹತ್ತು ನಿಮಿಷ ಇನ್ನೂ ಆರಂಭವಾಗಿಲ್ಲ, ಆಗುವ ಲಕ್ಷಣವೂ ಇಲ್ಲ.

ನಗುತ್ತಿದ್ದೀರಿ, ಸಂತೋಷ. ಸ್ವಲ್ಪ ಹೊತ್ತಾದ ಮೇಲೆ ನಗು ಬರಲಿಕ್ಕಿಲ್ಲ, ಈಗಲೇ ನಕ್ಕುಬಿಡಿ.

ನನಗೆ ಕೊಟ್ಟಿರುವ ವಿಷಯ, ‘ವೈದ್ಯ ಸಹಾಯಕರೊಡನೆ ಕೆಲಸ ಮಾಡುವುದರ ಪ್ರಯೋಜನ: ವೈದ್ಯರ ದೃಷ್ಟಿಯಲ್ಲಿ’. ಆಸ್ಪತ್ರೆಗೆ ಹೊಸಬರು ಇರಬಹುದು, ಅವರಿಗಾಗಿ ಹೇಳುತ್ತೇನೆ. ವೈದ್ಯ ಸಹಾಯಕರೆಂದರೆ ದಾದಿಯರಲ್ಲ, ವೈದ್ಯರೂ ಅಲ್ಲ. ಅದಕ್ಕೆಂದೇ ಇರುವ ಓದು ಓದಿ, ಪರೀಕ್ಷೆ ಪಾಸಾಗಿ, ಒಬ್ಬ ವೈದ್ಯರ ಕೈಕೆಳಗೆ ಕೆಲಸ ಮಾಡುವವರು. ರೋಗಿಯ ಕಷ್ಟ ಕೇಳುತ್ತಾರೆ, ಪರೀಕ್ಷಿಸುತ್ತಾರೆ, ಗಾಯಕ್ಕೆ ಹೊಲಿಗೆ ಹಾಕುತ್ತಾರೆ, ನಮಗೆ ವರದಿ ಒಪ್ಪಿಸುತ್ತಾರೆ. ಈ ಸಭಾಂಗಣದಲ್ಲಿ ಮುಂದಿನ ಸಾಲುಗಳಿಗೆ ‘ವೈದ್ಯರು’ ಎಂದು ಚೀಟಿ ಅಂಟಿಸಿದೆ, ಅದರ ಹಿಂದೆ ‘ದಾದಿಯರು’, ಅದರ ಹಿಂದೆ ‘ಕಚೇರಿ ಸಿಬ್ಬಂದಿ’. ವೈದ್ಯ ಸಹಾಯಕರ ಚೀಟಿ ಯಾವ ಕುರ್ಚಿಗೂ ಇಲ್ಲ. ಅದಕ್ಕೇ ಅವರು ನಿಂತಿದ್ದಾರೆ. ಚೀಟಿ ಬರೆದವರು ಮರೆತಿರಬಹುದು ಅಂದುಕೊಳ್ಳೋಣ.

ಆದರೆ ಇನ್ನೊಂದು ಕಡೆ ಅವರನ್ನು ಯಾರೂ ಮರೆತಿಲ್ಲ. ಚಹಾ ಮುಗಿದ ಮೇಲೆ ಇದೇ ಸಭಾಂಗಣದಲ್ಲಿ ವೈದ್ಯರ ಸಭೆ ಸೇರುತ್ತದೆ. ಅಲ್ಲಿ ಒಂದು ನಿರ್ಣಯ ಬರುತ್ತದೆ. ವೈದ್ಯ ಸಹಾಯಕರು ಇನ್ನು ಮುಂದೆ ತಪಾಸಣಾ ಕೊಠಡಿಗಳಲ್ಲಿ ರೋಗಿಗಳೊಡನೆ ವ್ಯವಹರಿಸತಕ್ಕದ್ದಲ್ಲ, ಅವರೆಲ್ಲರನ್ನು ನೆಲಮಾಳಿಗೆಯ ಉಪಕರಣ ವಿಭಾಗಕ್ಕೆ ವರ್ಗಾಯಿಸತಕ್ಕದ್ದು. ನಾವು ಕೈ ಎತ್ತಿದರೆ ಮುಗಿಯಿತು. ಅಂದರೆ ಏನಾಯಿತು, ಸಭಿಕರೇ? ಚಹಾಕ್ಕೆ ಮೊದಲು ಗುಣಗಾನ, ಚಹಾದ ನಂತರ ನೆಲಮಾಳಿಗೆ. ಗುಣಗಾನದ ಭಾಗವನ್ನು ನನ್ನ ಬಾಯಿಂದ ಆಡಿಸಿಬಿಟ್ಟರೆ ಆಮೇಲೆ ಈಕೆ ತಕರಾರು ತೆಗೆಯಲಾರಳು ಎಂದು ಯಾರೋ ಲೆಕ್ಕ ಹಾಕಿದ್ದಾರೆ. ಲೆಕ್ಕ ಚೆನ್ನಾಗಿದೆ, ಆದರೆ ನನ್ನ ಬಾಯಿಯ ಪರಿಚಯ ಅವರಿಗೆ ಸಾಲದು.

ಅಧ್ಯಕ್ಷರಿಗೆ ಆ ಪರಿಚಯ ಸಾಕಷ್ಟಿದೆ. ಅವರು ನನ್ನ ಒಡಹುಟ್ಟಿದ ಅಣ್ಣ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಇವತ್ತು ಅವರು ಅಧ್ಯಕ್ಷರು, ನಿರ್ಣಯ ಮಂಡಿಸುವವರೂ ಅವರೇ. ಆದ್ದರಿಂದ ಅವರನ್ನು ನಾನು ಅಣ್ಣ ಎಂದು ಕರೆಯುವುದಿಲ್ಲ. ಅಧ್ಯಕ್ಷರೇ ಎನ್ನುತ್ತೇನೆ.

ಹೋದ ತಿಂಗಳು ನಮಗೆಲ್ಲ ಒಂದು ಪ್ರಶ್ನಾವಳಿ ಬಂದಿತ್ತು. ವೈದ್ಯ ಸಹಾಯಕರಿಂದ ನಿಮ್ಮ ಸಮಯ ಉಳಿದಿದೆಯೇ, ನಿಮ್ಮ ಒತ್ತಡ ತಗ್ಗಿದೆಯೇ, ನೀವು ಹೆಚ್ಚು ರೋಗಿಗಳನ್ನು ನೋಡುವಂತಾಗಿದೆಯೇ ಎಂದು ಕೇಳಿದ್ದರು. ನಮ್ಮಲ್ಲಿ ಹೆಚ್ಚಿನವರು ಹೌದು, ಹೌದು, ಹೌದು ಎಂದು ಗುರುತು ಹಾಕಿದ್ದೇವಂತೆ. ಎಷ್ಟು ಸಂತೃಪ್ತರು ನಾವು. ಹಾಗೆ ಹೌದೆಂದವರೇ ಚಹಾದ ನಂತರ ಕೈ ಎತ್ತಲು ತಯಾರಾಗಿ ಬಂದಿದ್ದಾರೆ. ಇದು ಹೇಗೆ ಸಾಧ್ಯ? ಸಾಧ್ಯ. ಸಮಯ ಉಳಿಸುವ ವಸ್ತುವನ್ನು ನಾವು ಮೆಚ್ಚುತ್ತೇವೆ, ಬೇಡವಾದಾಗ ಅಟ್ಟಕ್ಕೂ ಹಾಕುತ್ತೇವೆ. ಮನೆಯ ಮಿಕ್ಸಿಯನ್ನು ನಾವು ಹಾಗೆಯೇ ನಡೆಸಿಕೊಳ್ಳುವುದು.

ನಾನು ಆ ಮೂರಕ್ಕೂ ಇಲ್ಲ ಎಂದು ಬರೆದು ಕಳಿಸಿದೆ. ಕಾರ್ಯದರ್ಶಿಗಳು ಫೋನು ಮಾಡಿ, ‘ಮೇಡಂ, ಕಣ್ತಪ್ಪಿ ಆಗಿರಬೇಕು’ ಎಂದರು. ಕಣ್ತಪ್ಪಿ ಆದದ್ದಲ್ಲ. ನನ್ನ ವೈದ್ಯ ಸಹಾಯಕರಿಂದ ನನ್ನ ಸಮಯ ಎಳ್ಳಷ್ಟೂ ಉಳಿದಿಲ್ಲ. ಹೋಗಿದೆ, ಧಾರಾಳವಾಗಿ ಹೋಗಿದೆ. ನನ್ನ ಕೊಠಡಿಯ ಮುಂದಿನ ಸಾಲು ಮಿಕ್ಕೆಲ್ಲರ ಸಾಲಿಗಿಂತ ನಿಧಾನವಾಗಿ ಕರಗುತ್ತದೆ. ಊಟದ ಡಬ್ಬಿ ಆರಿ ತಣ್ಣಗಾದ ಮೇಲೆಯೇ ನಾನು ಮುಚ್ಚಳ ತೆಗೆಯುವುದು. ಅದಕ್ಕೆ ಕಾರಣ ಅವರು, ಹಾಗಾಗಿ ನನಗೆ ಅವರು ಬೇಕು. ಇದು ನನ್ನ ಇಡೀ ಭಾಷಣದ ಸಾರಾಂಶ. ಚಹಾ ಕುಡಿಯಬೇಕೆನ್ನುವವರು ಈಗ ಎದ್ದು ಹೋಗಬಹುದು.

ಯಾರೂ ಏಳಲಿಲ್ಲ. ಹಾಗಾದರೆ ಕೇಳಿ.

ನಮ್ಮ ಅಪ್ಪ ಡಾಕ್ಟರು. ಮನೆಯ ಮುಂದಿನ ಕೋಣೆಯೇ ಅವರ ದವಾಖಾನೆ. ಹೊರಗೆ ಒಂದು ಉದ್ದ ಬೆಂಚು, ಒಳಗೆ ಮೇಜು, ಪರದೆ, ಕೈ ತೊಳೆಯುವ ಬೋಗುಣಿ. ಬೋರ್ಡಿನ ಮೇಲೆ ಅಪ್ಪನ ಹೆಸರು ಮಾತ್ರ ಇತ್ತು. ಆದರೆ ಸಿರಿಂಜು ಕುದಿಸುತ್ತಿದ್ದವಳು ಅಮ್ಮ. ಬೆಂಚಿನ ಮೇಲೆ ಯಾರಿಗೆ ತಲೆ ಸುತ್ತುತ್ತಿದೆ, ಯಾರ ಮಗುವಿಗೆ ಜ್ವರ ಏರುತ್ತಿದೆ ಎಂದು ನೋಡಿ ಅವರನ್ನು ಮೊದಲು ಒಳಗೆ ಬಿಡುತ್ತಿದ್ದವಳೂ ಅಮ್ಮ. ಅವಳಿಗೆ ಅಪ್ಪನಿಗಿಂತ ಹೆಚ್ಚು ವೈದ್ಯ ಗೊತ್ತಿತ್ತು ಎಂದು ನಾನು ಕತೆ ಕಟ್ಟುವುದಿಲ್ಲ. ಗೊತ್ತಿರಲಿಲ್ಲ. ಅವಳು ಓದಿದ್ದು ಹೈಸ್ಕೂಲಿನ ತನಕ. ಅಪ್ಪನ ಕೆಲಸಕ್ಕೆ ಅವಳು ಎಂದೂ ಕೈ ಹಾಕಿದವಳಲ್ಲ.

ಅವಳಿಗಿದ್ದದ್ದು ಒಂದೇ ಒಂದು ಅಭ್ಯಾಸ. ರೋಗಿ ಹೊರಗೆ ಬರುವಾಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ‘ಡಾಕ್ಟರು ಏನು ಹೇಳಿದ್ರು?’

ಅಷ್ಟೇ. ರೋಗಿ ಅದನ್ನು ತನ್ನ ಮಾತಿನಲ್ಲಿ ಹೇಳಬೇಕು. ಏನು ಕಾಯಿಲೆ, ಯಾವ ಮಾತ್ರೆ, ಯಾವಾಗ, ಏನಾದರೆ ಮತ್ತೆ ಬರಬೇಕು. ಹೇಳಿದರೆ ದಾರಿ ಬಿಡುತ್ತಿದ್ದಳು. ಹೇಳಲಾಗದೆ ತಡವರಿಸಿದರೆ ಭುಜ ಹಿಡಿದು ತಿರುಗಿಸಿ, ‘ಒಳಗೆ ಹೋಗಿ, ಇನ್ನೊಂದು ಸಲ ಕೇಳ್ಕೊಂಡು ಬನ್ನಿ’ ಎಂದು ಹಿಂದಕ್ಕೆ ಕಳಿಸುತ್ತಿದ್ದಳು. ಒಳಗಿನಿಂದ ಅಪ್ಪನ ಗೊಣಗಾಟ ಕೇಳಿಸುತ್ತಿತ್ತು. ‘ಇವಳಿಂದ ನನಗೆ ಬಿಸಿ ಊಟ ಅನ್ನೋದೇ ಇಲ್ಲ’ ಎಂದು. ಗೊಣಗುತ್ತಲೇ ಮತ್ತೆ ಹೇಳುತ್ತಿದ್ದರು. ಎರಡನೆಯ ಸಲ ಹೇಳುವಾಗ ಅವರ ಮಾತಿನಲ್ಲಿ ಪುಸ್ತಕದ ಪದಗಳು ಕಡಿಮೆಯಾಗಿರುತ್ತಿದ್ದವು. ಮೂರನೆಯ ಸಲಕ್ಕೆ ಅವರೇ ಎದ್ದು, ಕಾಗದದ ಮೇಲೆ ಸೂರ್ಯ ಚಂದ್ರರ ಚಿತ್ರ ಬರೆದು ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆ ಎಂದು ತೋರಿಸುತ್ತಿದ್ದರು.

ನಾವಿಬ್ಬರು ಮಕ್ಕಳು ಆ ಬೆಂಚಿನ ಕೆಳಗೆ ಕೂತು ಡಾಕ್ಟರ ಆಟ ಆಡುತ್ತಿದ್ದೆವು. ಅಧ್ಯಕ್ಷರು ಯಾವಾಗಲೂ ಡಾಕ್ಟರು, ನಾನು ಯಾವಾಗಲೂ ರೋಗಿ. ಅಮ್ಮನ ಪಾತ್ರಕ್ಕೆ ಆಳಿರಲಿಲ್ಲ. ಹಾಗಾಗಿ ಒಂದು ದಿಂಬನ್ನು ಗೋಡೆಗೆ ಒರಗಿಸಿ ಅದನ್ನೇ ಅಮ್ಮ ಮಾಡಿದ್ದೆವು. ದಿಂಬಿನ ಪರವಾಗಿ ಅಮ್ಮನ ಧ್ವನಿಯಲ್ಲಿ ‘ಡಾಕ್ಟರು ಏನು ಹೇಳಿದ್ರು?’ ಎಂದು ಕೇಳುತ್ತಿದ್ದವರೂ ಅಧ್ಯಕ್ಷರೇ. ಎಷ್ಟು ಸರಿಯಾಗಿ ಕೇಳುತ್ತಿದ್ದರೆಂದರೆ ಅಡುಗೆಮನೆಯಿಂದ ಅಮ್ಮ, ‘ಯಾರದು ನನ್ನ ಕೆಲಸ ಕಿತ್ಕೊಳ್ತಿರೋದು?’ ಎನ್ನುತ್ತಿದ್ದಳು.

ಅಧ್ಯಕ್ಷರು ನೀರು ಕುಡಿಯುತ್ತಿದ್ದಾರೆ. ಕುಡಿಯಲಿ. ಇನ್ನೂ ಸ್ವಲ್ಪ ದೂರ ಇದೆ.

ನನ್ನ ಕೊಠಡಿಗೆ ಒಬ್ಬ ವೈದ್ಯ ಸಹಾಯಕರನ್ನು ಕೊಟ್ಟ ದಿನ ನಾನು ಅವರಿಗೆ ಹೇಳಿಕೊಟ್ಟ ಮೊದಲ ಪಾಠ ಇದೇ ಪ್ರಶ್ನೆ. ಅವರು ಅದಕ್ಕೆ ಮೊದಲು ಆಂಬುಲೆನ್ಸಿನಲ್ಲಿ ಕೆಲಸ ಮಾಡಿದವರು. ಆಮೇಲೆ ಓದಿ ಈ ಕೆಲಸಕ್ಕೆ ಬಂದರು. ಮನುಷ್ಯ ಹಟಮಾರಿ. ಸೈರನ್ನಿನ ಜೊತೆ ಮಾತಾಡಿ ಅಭ್ಯಾಸವಾಗಿ ಧ್ವನಿ ತಗ್ಗಿಸಲು ಬರುವುದಿಲ್ಲ. ನಡೆದರೆ ಚಪ್ಪಲಿ ಕಿರುಗುಡುತ್ತದೆ, ಬದಲಾಯಿಸಿ ಎಂದರೆ ಕೇಳುವುದಿಲ್ಲ. ನನ್ನ ಎದುರಿಗೇ ನನ್ನ ಅಭಿಪ್ರಾಯಕ್ಕೆ ‘ಉಹೂಂ’ ಎನ್ನುತ್ತಾರೆ. ಹಾಗೆಂದಾಗ ಅರ್ಧದಷ್ಟು ಸಲ ಅವರದ್ದೇ ತಪ್ಪಾಗಿರುತ್ತದೆ. ವೈದ್ಯರ ವಿಶ್ರಾಂತಿ ಕೋಣೆಯಲ್ಲಿ ಅವರಿಗೆ ನೀವೆಲ್ಲ ಇಟ್ಟಿರುವ ಅಡ್ಡಹೆಸರು ನನಗೆ ಗೊತ್ತು. ‘ವಾಪಸ್ ಮೇಷ್ಟ್ರು’. ಚೆನ್ನಾಗಿದೆ, ನಾನೂ ಹಾಗೆಯೇ ಕರೆಯುತ್ತೇನೆ.

ಈ ಮೇಷ್ಟ್ರು ಎಡವಿಯೂ ಇದ್ದಾರೆ. ಒಮ್ಮೆ ಒಬ್ಬ ಬಡಗಿ ಬಂದಿದ್ದರು. ನಾನು ಹೇಳಿದ್ದೆಲ್ಲ ಅವರಿಗೆ ಚೆನ್ನಾಗಿ ಅರ್ಥವಾಗಿತ್ತು, ಆದರೆ ಮಾತು ತೊದಲುತ್ತಿತ್ತು. ಬಾಗಿಲಲ್ಲಿ ಪ್ರಶ್ನೆ ಬಿದ್ದ ಕೂಡಲೇ ಪಾಪ, ಮೊದಲ ಅಕ್ಷರದಲ್ಲೇ ಮಾತು ಸಿಕ್ಕಿಕೊಂಡಿತು. ಮೇಷ್ಟ್ರು ಅವರನ್ನು ಹಿಂದಕ್ಕೆ ಕಳಿಸಿದರು. ಮತ್ತೆ ಕಳಿಸಿದರು. ಬಡಗಿ ಸಿಟ್ಟಾಗಿ ಔಷಧದ ಚೀಟಿಯನ್ನು ಅಲ್ಲೇ ಬಿಸಾಕಿ ಹೊರಟೇಹೋದರು. ಅವರ ಮರದ ಅಂಗಡಿ ಹುಡುಕಿಕೊಂಡು ನಾನು ಹೋಗಬೇಕಾಯಿತು. ಆ ವಾರ ಪೂರ್ತಿ ಮೇಷ್ಟ್ರಿಗೂ ನನಗೂ ಮಾತಿಲ್ಲ. ಕೊನೆಗೆ ಅವರೇ ಬಂದು, ‘ಇನ್ಮೇಲೆ ಮಾತು ಬರದವರಿಗೆ ಕೈಸನ್ನೆ ಸಾಕು ಅಂತೀನಿ’ ಎಂದರು. ಕ್ಷಮೆ ಕೇಳುವ ಅವರ ರೀತಿ ಅದು.

ಆದ್ದರಿಂದ ನಾನು ಇಲ್ಲಿ ದೇವರಂಥ ಮನುಷ್ಯನ ಬಗ್ಗೆ ಹೇಳುತ್ತಿಲ್ಲ. ಬಾಗಿಲಲ್ಲಿ ನಿಲ್ಲುವ ಒಬ್ಬರ ಬಗ್ಗೆ ಹೇಳುತ್ತಿದ್ದೇನೆ.

ಈಗ ನಿರ್ಣಯಕ್ಕೆ ಕಾರಣವಾದ ಘಟನೆಗೆ ಬರೋಣ. ನಿರ್ಣಯದಲ್ಲಿ ಅದು ಬರೆದಿಲ್ಲ. ಅಲ್ಲಿ ‘ವೃತ್ತಿಯ ಘನತೆ’ ಎಂದಿದೆ, ‘ಜವಾಬ್ದಾರಿಯ ಗೊಂದಲ’ ಎಂದಿದೆ. ನಡೆದದ್ದು ಇಷ್ಟು. ನಾನು ರಜೆಯಲ್ಲಿದ್ದ ದಿನ ಮೇಷ್ಟ್ರನ್ನು ಅಧ್ಯಕ್ಷರ ಕೊಠಡಿಗೆ ಹಾಕಿದ್ದರು. ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹೆಂಗಸು ತೋರಿಸಿಕೊಳ್ಳಲು ಬಂದರು. ಹೃದಯ ದುರ್ಬಲವಾಗಿದೆ, ಹೊಸ ಮಾತ್ರೆ ಶುರು ಮಾಡಬೇಕು, ಹಳೆಯದೊಂದನ್ನು ನಿಲ್ಲಿಸಬೇಕು, ಇಡೀ ದಿನ ನಿಂತು ಇಸ್ತ್ರಿ ಮಾಡಬಾರದು. ಅಧ್ಯಕ್ಷರು ಎಲ್ಲವನ್ನೂ ಹೇಳಿದ್ದಾರೆ. ಆಕೆ ಎಲ್ಲದಕ್ಕೂ ತಲೆ ಆಡಿಸಿದ್ದಾರೆ. ಬಾಗಿಲಲ್ಲಿ ಮೇಷ್ಟ್ರು ಕೇಳಿದರು. ಆಕೆ ಏನೆಂದರು ಗೊತ್ತೇ? ‘ಗಾಬರಿ ಪಡೋ ಅಂಥದ್ದೇನಿಲ್ಲ ಅಂದ್ರು.’

ಅದೂ ಅಧ್ಯಕ್ಷರು ಹೇಳಿದ ಮಾತೇ. ಮೊದಲ ಮಾತು. ಆಕೆಗೆ ಬೇಕಾಗಿದ್ದದ್ದು ಅದೊಂದೇ, ಅದನ್ನು ಹಿಡಿದುಕೊಂಡು ಮಿಕ್ಕದ್ದನ್ನು ಒಳಗೇ ಬಿಟ್ಟು ಬಂದಿದ್ದರು. ನಮ್ಮಲ್ಲಿ ಯಾರಿಗೆ ಹೀಗಾಗಿಲ್ಲ? ಮೇಷ್ಟ್ರು ಹಿಂದಕ್ಕೆ ಕಳಿಸಿದರು. ಎರಡನೆಯ ಸಲ ಬಂದು, ಬಿಳಿ ಮಾತ್ರೆ ನಿಲ್ಲಿಸಬೇಕಂತೆ ಎಂದರು. ಆಕೆಯ ಚೀಲದಲ್ಲಿದ್ದ ಮಾತ್ರೆಗಳೆಲ್ಲ ಬಿಳಿಯವೇ. ಮತ್ತೆ ಹಿಂದಕ್ಕೆ. ಮೂರನೆಯ ಸಲ ಬಾಗಿಲಿಗೆ ಬಂದವರು ಆಕೆಯಲ್ಲ, ಅಧ್ಯಕ್ಷರು. ಪಡಸಾಲೆಯ ಬೆಂಚುಗಳ ಮೇಲೆ ಜನ ತುಂಬಿ ಕೂತಿದ್ದರು. ಎಲ್ಲರೆದುರು ಏನೇನು ಮಾತಾಯಿತು ಎಂದು ನಾನು ಹೇಳುವುದಿಲ್ಲ. ನಾನಿರಲಿಲ್ಲ, ಕೇಳಿದ್ದು ಒಬ್ಬೊಬ್ಬರಿಂದ ಒಂದೊಂದು ಥರ. ಆದರೆ ಅದಾಗಿ ಸ್ವಲ್ಪ ದಿನಕ್ಕೆ ನಿರ್ಣಯದ ಕರಡು ತಯಾರಾಗಿತ್ತು ಎಂಬುದು ನಿಮಗೂ ಗೊತ್ತು.

ಒಬ್ಬ ಹಿರಿಯ ವೈದ್ಯರಿಗೆ ಮುಜುಗರವಾಯಿತು, ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ಹೀಗೆ ಹಲ್ಲು ಕಡಿಯುವವರಲ್ಲ ನಮ್ಮ ಅಧ್ಯಕ್ಷರು. ಕಿರಿಯ ವೈದ್ಯರು ಎದುರುತ್ತರ ಕೊಟ್ಟರೆ ನಕ್ಕು ಸುಮ್ಮನಾಗುತ್ತಾರೆ. ರೋಗಿಗಳ ಕಡೆಯವರು ಅಂಗಿ ಹಿಡಿದು ಎಳೆದಾಡಿದಾಗಲೂ ಅವರ ಮೇಲೆ ದೂರು ಕೊಟ್ಟವರಲ್ಲ. ಮೇಷ್ಟ್ರ ಮೇಲೆ ಮಾತ್ರ ಏಕೆ? ಅವತ್ತಿನಿಂದ ಅವರು ಮೇಷ್ಟ್ರ ಮುಖ ನೇರವಾಗಿ ನೋಡಿದ್ದನ್ನು ನಾನು ಕಂಡಿಲ್ಲ. ಪಡಸಾಲೆಯಲ್ಲಿ ಎದುರಾದರೆ ಗೋಡೆಯ ಮೇಲಿನ ಲಸಿಕೆಯ ಭಿತ್ತಿಪತ್ರ ಓದುತ್ತಾ ನಿಲ್ಲುತ್ತಾರೆ.

ಅವತ್ತಿನಿಂದ ಎಂದೆನಲ್ಲವೇ? ಇಸ್ತ್ರಿಯವರ ದಿನದಿಂದ ಎಂದಲ್ಲ, ಅದಕ್ಕೂ ಹಿಂದಿನಿಂದ. ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ನನ್ನ ಕೈಯಲ್ಲಿರುವ ಈ ಹಾಳೆಯಲ್ಲಿ ಇದು ಇಲ್ಲ. ಬಾಯಿಗೆ ಬಂದುಬಿಟ್ಟಿದೆ. ಸಮಯ ಮುಗಿಯಿತೆನ್ನುವ ಗಂಟೆಯ ಮೇಲೆ ಕೈ ಇಟ್ಟಿದ್ದೀರಿ, ಅಧ್ಯಕ್ಷರೇ. ಬಾರಿಸಿ. ಬಾರಿಸಿದರೂ ನಾನು ಹೇಳುತ್ತೇನೆ.

ನಮ್ಮ ಅಮ್ಮ ತೀರಿಕೊಂಡದ್ದು ಇದೇ ಕಟ್ಟಡದಲ್ಲಿ. ಮೇಲಿನ ಮಹಡಿ, ಕೊನೆಯ ಕೋಣೆ, ಕಿಟಕಿಯಿಂದ ಸೈಕಲ್ ನಿಲ್ಲಿಸುವ ಜಾಗ ಕಾಣುತ್ತದೆ. ಪರೀಕ್ಷೆಗಳ ಫಲಿತಾಂಶ ಬಂದ ಮಧ್ಯಾಹ್ನ ನಾವಿಬ್ಬರೂ ಅದನ್ನು ಓದಿದೆವು. ಓದಿದರೆ ಅರ್ಥವಾಗದವರೇ ನಾವು? ಅಧ್ಯಕ್ಷರು ಮುಂದೆ, ನಾನು ಹಿಂದೆ, ಒಳಗೆ ಹೋದೆವು. ಅವರು ಅಮ್ಮನ ಕಾಲಿನ ಹತ್ತಿರ ನಿಂತು ಹೇಳಿದರು, ‘ರಿಪೋರ್ಟ್ ಬಂತಮ್ಮ. ಸ್ವಲ್ಪ ಅದೂ ಇದೂ ಇದೆ. ನೋಡೋಣ. ಎಲ್ಲಾ ನೋಡ್ಕೊಳ್ಳೋಣ.’ ಹೇಳಿ ತಿರುಗಿದರು.

ಅಮ್ಮ ಎದ್ದು ಬಾಗಿಲಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಮಲಗಿದ್ದಲ್ಲಿಂದಲೇ, ‘ನಿಲ್ಲು’ ಎಂದಳು. ‘ಡಾಕ್ಟರು ಏನು ಹೇಳಿದ್ರು ಅಂತ ಯಾರಾದ್ರೂ ನನ್ನ ಕೇಳಿದ್ರೆ ನಾನು ಏನು ಹೇಳ್ಲಿ?’

ಸಭಿಕರೇ, ನಾವಿಬ್ಬರೂ ಡಾಕ್ಟರುಗಳು. ಇಂಥ ಮಾತನ್ನು ಎಷ್ಟು ಮನೆಯವರಿಗೆ ಹೇಳಿದ್ದೇವೆ. ಹೇಗೆ ಹೇಳಬೇಕೆಂದು ಕಿರಿಯರಿಗೆ ಪಾಠ ಮಾಡಿದ್ದೇವೆ. ಅಧ್ಯಕ್ಷರು ಆಮೇಲೆ ಬರ್ತೀನಿ ಎಂದು ಹೊರಗೆ ನಡೆದರು. ನಾನೂ ಅವರ ಹಿಂದೆಯೇ ನಡೆದೆ. ಹೊರಗೆ ನೀರಿನ ಫಿಲ್ಟರಿನ ಪಕ್ಕ ಇಬ್ಬರೂ ನಿಂತೆವು. ಅವರು ಒಂದು ಲೋಟ ನೀರು ಹಿಡಿದರು, ಕುಡಿಯಲಿಲ್ಲ.

ಅಮ್ಮನ ರಕ್ತದೊತ್ತಡ ನೋಡಲು ಮೇಷ್ಟ್ರು ಬಂದರು, ಅದೇ ಕಿರುಗುಡುವ ಚಪ್ಪಲಿಯಲ್ಲಿ. ಫಲಿತಾಂಶ ಅವರಿಗೂ ಗೊತ್ತಿತ್ತು. ಅಮ್ಮನಿಗೆ ಹೇಳಿದ್ರಾ ಎಂದು ಕೇಳಿದರು. ಅಧ್ಯಕ್ಷರು ಲೋಟ ನೋಡಿದರು, ನಾನು ನೆಲ ನೋಡಿದೆ. ಅವರು ಒಳಗೆ ಹೋದರು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅವರ ಧ್ವನಿಯಂತೂ ನಿಮಗೆ ಗೊತ್ತು. ಕುರ್ಚಿ ಎಳೆದು ಕೂತದ್ದು ಕೇಳಿಸಿತು. ಅಮ್ಮ ಅದೇ ಪ್ರಶ್ನೆಯನ್ನು ಅವರಿಗೆ ಕೇಳಿದಳು. ಅವರು ಹೇಳಿದರು, ‘ಅಮ್ಮ, ಕಾಯಿಲೆ ಲಿವರಿಗೆ ಹಬ್ಬಿದೆ. ಗುಣ ಆಗೋ ಅಂಥದ್ದಲ್ಲ. ನೋವು ಬರದ ಹಾಗೆ ಔಷಧಿ ಇದೆ, ಅದನ್ನ ಕೊಡ್ತೀವಿ. ಈ ಬೇಸಿಗೆ ದಾಟೋದು ಕಷ್ಟ.’ ಆಮೇಲೆ, ‘ಈಗ ನೀವು ಹೇಳಿ, ನಾನು ಏನು ಹೇಳ್ದೆ?’

ಅಮ್ಮ ಹೇಳಿದಳು. ಒಂದು ಮಾತೂ ಬಿಡದೆ ಹೇಳಿದಳು. ಹೇಳಿ, ‘ಮಕ್ಕಳನ್ನ ಕರಿ. ಅವರಿಗೆ ನಾನು ಹೇಳ್ತೀನಿ’ ಎಂದಳು.

ಮೇಷ್ಟ್ರು ಮಾಡಿದ್ದು ನಿಯಮದ ಪ್ರಕಾರ ತಪ್ಪು. ಅಂಥ ಸುದ್ದಿಯನ್ನು ವೈದ್ಯರ ಒಪ್ಪಿಗೆಯಿಲ್ಲದೆ ಅವರು ಹೇಳಬಾರದು. ಮರುದಿನ ನಾನೇ ಅವರಿಗೆ ಬೈದೆ, ಇನ್ನೊಮ್ಮೆ ಹೀಗೆ ಮಾಡಿದರೆ ನಾನೇ ಮೇಲಿನವರಿಗೆ ಬರೆಯುತ್ತೇನೆ ಎಂದೂ ಹೇಳಿದೆ. ನನಗೆ ಗೊತ್ತಿಲ್ಲದ ಯಾವುದೂ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರು ನನಗಿಂತ ಧೈರ್ಯವಂತರೂ ಅಲ್ಲ, ಅವರ ಸ್ವಂತ ತಾಯಿಯ ಕಣ್ಣಿನ ಪೊರೆಯ ವಿಷಯ ಹೇಳಲು ನನ್ನನ್ನು ಮನೆಗೆ ಕರೆದುಕೊಂಡು ಹೋದವರು. ಒಂದೇ ವ್ಯತ್ಯಾಸ. ಒಳಗೆ ಮಲಗಿದ್ದವಳು ಅವರ ತಾಯಿಯಲ್ಲ. ಒಬ್ಬರ ನಾಲಿಗೆ ಹೊರಳದಾಗ ಹೇಳಲು ಇನ್ನೊಬ್ಬರು ಬೇಕು. ಅದಕ್ಕೇ ಕೋಣೆಯಲ್ಲಿ ಎರಡನೆಯ ಮನುಷ್ಯ ಬೇಕು ಎನ್ನುವುದು ನಾನು. ಸಮಯ ಉಳಿಸುವುದಕ್ಕಲ್ಲ.

ಅಮ್ಮ ನಮ್ಮಿಬ್ಬರನ್ನು ಹಾಸಿಗೆಯ ಎರಡು ಬದಿಗೆ ಕೂರಿಸಿಕೊಂಡು, ತನಗೇನಾಗಿದೆ ಎಂದು ನಮಗೆ ತಿಳಿಸಿದಳು. ಆಮೇಲೆ ಅಧ್ಯಕ್ಷರ ಗದ್ದ ಹಿಡಿದೆತ್ತಿ, ‘ಈಗ ನೀನು ಹೇಳು. ನಾನು ಏನು ಹೇಳ್ದೆ?’ ಎಂದಳು. ಅವರು ಹೇಳಿದರು. ಬಿಕ್ಕಳಿಸುತ್ತಾ ಹೇಳಿದರು, ನಿಂತು ನಿಂತು ಹೇಳಿದರು, ಆದರೆ ಪೂರ್ತಿ ಹೇಳಿದರು. ಅಮ್ಮ ಅವರ ಬೆನ್ನು ಸವರಿ, ‘ಸರಿಯಾಗಿದೆ, ಹೋಗು’ ಎಂದಳು.

ಆ ದಿನದಿಂದ ಅವಳು ಹೋಗುವವರೆಗೆ ಆ ಕೋಣೆಯಲ್ಲಿ ಸುಳ್ಳು ಇರಲಿಲ್ಲ. ಸಂಜೆಯ ಊಟ ಮೂವರೂ ಅಲ್ಲೇ ಮಾಡಿದೆವು. ಅಪ್ಪನ ಸ್ಟೆತಸ್ಕೋಪು ಯಾರಿಗೆ ಎಂದು ಜಗಳವಾಡಿದೆವು, ಅವಳೇ ತೀರ್ಪು ಕೊಟ್ಟಳು. ತೀರ್ಪು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಎಷ್ಟು ನಕ್ಕೆವು ಎಂದರೆ ಪಕ್ಕದ ಕೋಣೆಯವರು ದಾದಿಗೆ ದೂರು ಹೇಳಿದರು. ಎಲ್ಲಾ ನೋಡ್ಕೊಳ್ಳೋಣ ಎಂದು ಹೇಳಿ ಓಡಿಹೋದದ್ದೇ ಕೊನೆಯಾಗಿದ್ದರೆ ಆ ಸಂಜೆಗಳು ಎಲ್ಲಿರುತ್ತಿದ್ದವು? ನಾವು ಅವಳೆದುರು ನಟಿಸುತ್ತಾ, ಅವಳು ನಮ್ಮೆದುರು ನಟಿಸುತ್ತಾ, ಮೂವರೂ ಬೇರೆ ಬೇರೆಯಾಗಿ ಅಳುತ್ತಾ ಬೇಸಿಗೆ ಕಳೆಯುತ್ತಿದ್ದೆವು.

ಮೇಷ್ಟ್ರ ಮುಖ ಕಂಡರೆ ಅಧ್ಯಕ್ಷರಿಗೆ ಆ ನೀರಿನ ಫಿಲ್ಟರು ನೆನಪಾಗುತ್ತದೆ. ನನಗೂ ಆಗುತ್ತದೆ. ನನಗೆ ಕಣ್ಣೀರು ಬರುತ್ತದೆ, ಅವರಿಗೆ ಸಿಟ್ಟು ಬರುತ್ತದೆ. ನಮ್ಮ ಮನೆಯ ಗಂಡಸರು ಅಳುವುದೇ ಹಾಗೆ, ಅಪ್ಪನೂ ಹಾಗೆಯೇ ಇದ್ದರು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅಧ್ಯಕ್ಷರೇ, ಅಮ್ಮನನ್ನು ಕಳೆದುಕೊಂಡ ದುಃಖವನ್ನು ನಿರ್ಣಯವಾಗಿ ಟೈಪು ಮಾಡಿಸಿ ನಮ್ಮ ಮುಂದಿಡಬೇಡಿ. ಅದನ್ನು ನೆಲಮಾಳಿಗೆಗೆ ಕಳಿಸಿದರೆ ಅದು ಅಲ್ಲಿ ಕೂತಿರುವುದಿಲ್ಲ.

ವೈದ್ಯ ಮಿತ್ರರೇ, ನಿಮ್ಮ ಆಕ್ಷೇಪಗಳನ್ನು ನಾನು ಕೇಳಿಸಿಕೊಂಡಿದ್ದೇನೆ. ರೋಗಿಗಳು ಅವರನ್ನೂ ಡಾಕ್ಟರೇ ಎಂದು ಕರೆಯುತ್ತಾರೆ ಎನ್ನುತ್ತೀರಿ. ಕರೆಯುತ್ತಾರೆ. ಔಷಧದ ಅಂಗಡಿಯವರನ್ನೂ ಕರೆಯುತ್ತಾರೆ. ಅದರಿಂದ ನಮ್ಮ ಪದವಿಗೆ ತೂತು ಬಿದ್ದಿಲ್ಲ. ಅವರು ತಪ್ಪು ಮಾಡಿದರೆ ಹೊಣೆ ಯಾರದ್ದು ಎನ್ನುತ್ತೀರಿ. ನಮ್ಮದು. ಮೇಲ್ವಿಚಾರಣೆ ಎಂದರೆ ಅದೇ ಅಲ್ಲವೇ? ಅವರು ಮಾಡಿದ ಒಳ್ಳೆಯದಕ್ಕೆ ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುವಾಗ ಇಲ್ಲದ ಗೊಂದಲ ಇಲ್ಲಿ ಮಾತ್ರ ಎಲ್ಲಿಂದ ಬಂತು? ನಮ್ಮ ಮಾತು ರೋಗಿಗೆ ತಲುಪಿತೋ ಇಲ್ಲವೋ ಎಂದು ಅವರೇಕೆ ನೋಡಬೇಕು, ನಾವೇ ನೋಡಿಕೊಳ್ಳುತ್ತೇವೆ ಎನ್ನುತ್ತೀರಿ. ಇದೊಂದು ಮಾತ್ರ ಆಗದು. ನಮ್ಮೆದುರು ಎಲ್ಲರೂ ತಲೆ ಆಡಿಸುತ್ತಾರೆ. ಹಾಗೆ ಆಡಿಸುವ ತಲೆಗಳನ್ನು ನೋಡಿ ನೋಡಿಯೇ ನಮ್ಮ ತಲೆ ತಿರುಗಿರುವುದು.

ಈಗ ನನ್ನ ಕಡೆಯಿಂದ ಒಂದು ನಿರ್ಣಯ. ಇದಕ್ಕೆ ಯಾರ ಕೈಯೂ ಏಳಬೇಕಿಲ್ಲ. ಮೇಷ್ಟ್ರನ್ನು ನೆಲಮಾಳಿಗೆಗೆ ಕಳಿಸಿದರೆ ನಾಳೆಯಿಂದ ನನ್ನ ಕೊಠಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನಾನೇ ಕೂರುತ್ತೇನೆ. ಒಳಗಿನ ಡಾಕ್ಟರ ಕುರ್ಚಿ ಖಾಲಿ ಇರುತ್ತದೆ. ಅದರಲ್ಲಿ ಕೂರಲು ಪದವಿ ಇರುವವರು ಈ ಮುಂದಿನ ಸಾಲುಗಳಲ್ಲಿ ತುಂಬಿ ತುಳುಕುತ್ತಿದ್ದಾರೆ, ಯಾರು ಬೇಕಾದರೂ ಬನ್ನಿ. ಆದರೆ ನೀವು ನೋಡಿದ ಪ್ರತಿಯೊಬ್ಬ ರೋಗಿಯನ್ನೂ ನಾನು ಕೇಳುತ್ತೇನೆ, ಹೇಳಲು ಬಾರದವರನ್ನು ನಿಮ್ಮ ಹತ್ತಿರವೇ ಹಿಂದಕ್ಕೆ ಕಳಿಸುತ್ತೇನೆ. ನನ್ನನ್ನು ಎಲ್ಲಿಗೆ ವರ್ಗಾಯಿಸುತ್ತೀರೋ ನೋಡೋಣ. ದೀರ್ಘ ಸೇವೆಗೆ ಗಡಿಯಾರ ಬೇರೆ ಕೊಟ್ಟು ಕೂತಿದ್ದೀರಿ.

ಆ ಕೆಲಸವನ್ನು ಇವತ್ತೇ ಆರಂಭಿಸುವವಳಿದ್ದೇನೆ. ಚಹಾದ ಮೇಜು ಹೊರಗಿದೆ. ಈ ಸಭಾಂಗಣದಿಂದ ಹೊರಗೆ ಹೋಗಲು ಈಗ ಹಿಂದಿನ ಬಾಗಿಲು ಒಂದೇ ದಾರಿ. ವೇದಿಕೆಯ ಪಕ್ಕದಲ್ಲಿ ಇನ್ನೊಂದಿದೆ, ಅದಕ್ಕೆ ಬೀಗ ಹಾಕಿಸಿದ್ದೇನೆ, ಕೀಲಿ ನನ್ನ ಚೀಲದಲ್ಲಿದೆ. ಭಾಷಣ ಮುಗಿಸಿ ನೇರವಾಗಿ ಆ ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ನೀವು ಒಬ್ಬೊಬ್ಬರೇ ಬರುತ್ತೀರಿ. ಈಕೆ ಏನು ಹೇಳಿದಳು ಎಂದು ಕೇಳುತ್ತೇನೆ. ವೈದ್ಯ ಸಹಾಯಕರು ಬಹಳ ಉಪಯುಕ್ತರು, ಸಮಯ ಉಳಿಸುತ್ತಾರೆ ಎಂದಳು ಎನ್ನುವವರನ್ನು ಹಿಂದಕ್ಕೆ ಕಳಿಸುತ್ತೇನೆ. ಅವರು ಬಂದು ‘ವೈದ್ಯರು’ ಎಂದು ಚೀಟಿ ಅಂಟಿಸಿದ ತಮ್ಮ ಕುರ್ಚಿಯಲ್ಲೇ ಕೂತು ಯೋಚಿಸಲಿ. ಚಹಾ ಆರಿದರೆ ಆರಲಿ, ಬಿಸಿ ಊಟದ ಭಾಗ್ಯ ನಮ್ಮಪ್ಪನಿಗೂ ಇರಲಿಲ್ಲ.

ಅಣ್ಣಾ.

ಕರೆಯುವುದಿಲ್ಲ ಎಂದಿದ್ದೆ, ಕರೆದೆ. ನಿನ್ನನ್ನು ನಾನು ಏನೂ ಕೇಳುವುದಿಲ್ಲ. ನಮ್ಮಿಬ್ಬರಲ್ಲಿ ಅಮ್ಮ ಕೇಳಿದ್ದು ನಿನ್ನನ್ನು, ಹೇಳಿದವನು ನೀನು. ನನ್ನನ್ನು ಅವಳು ಕೇಳಲೇ ಇಲ್ಲ. ಕೇಳಿದ್ದರೆ ನನ್ನಿಂದ ಆಗುತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದ್ದರಿಂದ ನೀನು ವೇದಿಕೆ ಇಳಿದು ಬಾ. ಬಂದು ಬಾಗಿಲಲ್ಲಿ ನನ್ನ ಪಕ್ಕ ನಿಲ್ಲು. ಮೇಷ್ಟ್ರು ಅಲ್ಲೇ ಗೋಡೆಗೆ ಒರಗಿ ನಿಂತಿದ್ದಾರೆ, ಅವರ ಮುಖ ನೋಡು, ಭಿತ್ತಿಪತ್ರ ಇಲ್ಲಿ ಯಾವುದೂ ಇಲ್ಲ. ಆಮೇಲೆ ಇವರೆಲ್ಲರನ್ನೂ ಆ ಪ್ರಶ್ನೆಯನ್ನು ನೀನೇ ಕೇಳು. ಆ ಧ್ವನಿ ನನಗಿಂತ ನಿನಗೆ ಚೆನ್ನಾಗಿ ಬರುತ್ತಿತ್ತು.

ಸಭಿಕರೇ, ಹತ್ತು ನಿಮಿಷ ಸಿಕ್ಕಿದ್ದವಳು ನಿಮ್ಮ ಸಮಯವನ್ನು ಇಷ್ಟು ಖರ್ಚು ಮಾಡಿದ್ದೇನೆ, ಅದನ್ನು ಸಹಿಸಿದ್ದಕ್ಕೆ ವಂದನೆಗಳು. ಗಡಿಯಾರಕ್ಕೂ ವಂದನೆಗಳು, ಅದಕ್ಕೆ ನಾನು ಸೆಲ್ ಹಾಕುವುದಿಲ್ಲ, ಹೀಗೆಯೇ ನನ್ನ ಕೊಠಡಿಯ ಗೋಡೆಗೆ ತೂಗುಹಾಕುತ್ತೇನೆ. ನಾನು ಬಾಗಿಲಿಗೆ ಹೊರಟೆ.

ಎಲ್ಲರಿಗೂ ನಮಸ್ಕಾರ.